ನೋಂದಣಿಗೂ ಮುಪ್ಪುಂಟು

ಚಿಕಿತ್ಸಾಲಯದ ಫಲಕದಲ್ಲಿ ವೈದ್ಯರ ಹೆಸರನ್ನೂ ಪದವಿಯನ್ನೂ ಓದುವ ಕಣ್ಣು ಕೆಳಗಿನ ನೋಂದಣಿ ಸಂಖ್ಯೆಯ ಮೇಲೆ ನಿಲ್ಲುವುದು ಅಪರೂಪ. ಪದವಿಯನ್ನು ಕೊಟ್ಟದ್ದು ವಿಶ್ವವಿದ್ಯಾನಿಲಯ. ರೋಗಿಗೆ ಮದ್ದು ಬರೆಯುವ ಅಧಿಕಾರವನ್ನು ಕೊಟ್ಟದ್ದು ನೋಂದಣಿ. ಪದವಿಗೆ ಮುಪ್ಪಿಲ್ಲ. ನೋಂದಣಿಗೆ ಉಂಟೆ?

ಈ ಪ್ರಶ್ನೆಯನ್ನು ಬ್ರಿಟನ್ ಎದುರಿಸಿದ ಕಥೆ ದಾರುಣವಾದುದು. ಅರ್ಹ ವೈದ್ಯನಾರು, ಅನರ್ಹನಾರು ಎಂಬುದನ್ನು ಜನ ತಿಳಿಯಲೆಂದು ಅಲ್ಲಿ 1858ರಲ್ಲಿ ಶಾಸನವಾಗಿ, ಜನರಲ್ ಮೆಡಿಕಲ್ ಕೌನ್ಸಿಲ್ ವೈದ್ಯರ ದಫ್ತರವನ್ನು ತೆರೆಯಿತು. ಶುಲ್ಕ ಸಂದು, ಗುರುತರ ದೋಷ ಸಿದ್ಧವಾಗದಿದ್ದರೆ ಬರೆದ ಹೆಸರು ಉಳಿಯುತ್ತಿತ್ತು. ವೈದ್ಯನ ಓದು ಇಪ್ಪತ್ತೈದನೆಯ ವಯಸ್ಸಿಗೇ ನಿಂತಿದ್ದರೂ ಕೇಳುವವರಿರಲಿಲ್ಲ.

ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯ ಪೆಥಿಡಿನ್ ಎಂಬ ಅಮಲು ಮದ್ದಿಗಾಗಿ ಸುಳ್ಳು ಚೀಟಿ ಬರೆದು 1976ರಲ್ಲಿ ದಂಡ ತೆತ್ತಿದ್ದ. ಕೌನ್ಸಿಲ್ ಎಚ್ಚರಿಕೆಯ ಪತ್ರ ಕಳುಹಿಸಿ ಸುಮ್ಮನಾಯಿತು. ಮುಂದೆ ಆತ ಹೈಡ್ ಪಟ್ಟಣದಲ್ಲಿ ಮನೆಮನೆಗೆ ಬೇಕಾದ ವೈದ್ಯನಾದ. 2000ದ ಜನವರಿಯಲ್ಲಿ ನ್ಯಾಯಾಲಯ ಅವನನ್ನು 15 ರೋಗಿಗಳ ಕೊಲೆಗಾರನೆಂದು ಸಾರಿತು. 2002ರಲ್ಲಿ ನ್ಯಾಯಾಧೀಶೆ ಜಾನೆಟ್ ಸ್ಮಿತ್ ಅವರ ವಿಚಾರಣಾ ವರದಿ ಎಣಿಸಿದ್ದು 215 ಮಂದಿಯನ್ನು. ಹೆಚ್ಚಿನವರು ಅವನನ್ನು ನಂಬಿದ ವೃದ್ಧೆಯರು.

ಆಗಲೇ ಚರ್ಚೆಯಲ್ಲಿದ್ದ ಮರುಮಾನ್ಯತೆಯ ಯೋಜನೆಗೆ ಈ ಪ್ರಕರಣ ಬಿರುಸು ತಂದಿತು. ಯೋಜಿಸಿದ ಪರೀಕ್ಷೆ ತೀರ ಸಡಿಲವೆಂದು ಸ್ಮಿತ್ 2004ರಲ್ಲಿ ಕಟುವಾಗಿಯೇ ಬರೆದರು. ಕಡೆಗೆ 2012ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು: ವರ್ಷಕ್ಕೊಮ್ಮೆ ಕೆಲಸದ ವಿಮರ್ಶೆ, ಸಹೋದ್ಯೋಗಿಗಳ ಮತ್ತು ರೋಗಿಗಳ ಅಭಿಪ್ರಾಯ, ಐದು ವರ್ಷಕ್ಕೊಮ್ಮೆ ಲೈಸೆನ್ಸಿನ ತೀರ್ಮಾನ. ಆದರೆ ಶಿಪ್‌ಮನ್ನನ ರೋಗಿಗಳನ್ನು ಕೇಳಿದ್ದರೆ ಅವರು ಹೊಗಳಿಯೇ ಬರೆಯುತ್ತಿದ್ದರೇನೋ! ಈ ಜರಡಿಗೆ ಸಿಕ್ಕುವುದು ಓದು ಬಿಟ್ಟ ವೈದ್ಯ, ಕೊಲೆಗಾರನಲ್ಲ.

ನಮ್ಮಲ್ಲಿ ಕರ್ನಾಟಕದ ವೈದ್ಯಕೀಯ ನೋಂದಣಿ ಶಾಸನ 1961ರದು. ಐದು ವರ್ಷಕ್ಕೆ 30 ಗಂಟೆಯಾದರೂ ವೈದ್ಯರು ಮರುಶಿಕ್ಷಣ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವಿಧಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ವೃತ್ತಿಯ ಲೈಸೆನ್ಸಿಗೇ ಐದು ವರ್ಷಗಳ ಅವಧಿ ಕಟ್ಟಿದವು. ಲೆಕ್ಕವೇನೋ ಅಚ್ಚುಕಟ್ಟು. ಸಭಾಂಗಣದಲ್ಲಿ ಕುಳಿತ ಗಂಟೆಗಳನ್ನು ಎಣಿಸಬಹುದು. ಕಿವಿಗೆ ಬಿದ್ದುದು ರೋಗಿಯ ಮಂಚದವರೆಗೆ ತಲುಪಿತೆ ಎಂಬುದನ್ನು ಎಣಿಸುವ ಅಂಕಣ ಅರ್ಜಿಯಲ್ಲಿಲ್ಲ.

ನೋಂದಣಿ ಸಂಖ್ಯೆ ಔಷಧ ಚೀಟಿಯ ಮೇಲೂ ಇರಬೇಕೆಂಬುದು 2002ರ ನಿಯಮಗಳದೇ ಮಾತು. ಮದ್ದಿನಂಗಡಿಗೆ ಹೊರಟವರು ಮಾತ್ರೆಯ ಹೆಸರಿನೊಡನೆ ಅದನ್ನೂ ಒಮ್ಮೆ ಓದಬಹುದು.