ಮುದ್ದುಗೊಂಬೆಯಾದ ಜಲಪಿಶಾಚಿ

ಜಪಾನಿನ ಹೊಳೆ, ಕೆರೆಗಳಲ್ಲಿ ವಾಸಿಸುತ್ತದೆಂದು ಜನ ನಂಬಿದ್ದ ಕಪ್ಪಾ ಎಂಬ ಜಲಪಿಶಾಚಿಗೆ ಚಿಕ್ಕ ಮಗುವಿನಷ್ಟು ಎತ್ತರ, ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯಲ್ಲಿ ನೀರು ನಿಂತ ಗುಳಿ. ಆ ನೀರೇ ಅದರ ಬಲ. ಈಜಲು ಇಳಿದ ಮಕ್ಕಳನ್ನೂ ನೀರು ಕುಡಿಯಲು ಬಂದ ಕುದುರೆಗಳನ್ನೂ ಅದು ಮಡುವಿಗೆಳೆದು, ಗುದದ್ವಾರದಿಂದ ಕೈಹಾಕಿ ಜೀವದ ಗುಂಡನ್ನು ಕಿತ್ತುಕೊಳ್ಳುತ್ತದೆ ಎನ್ನುತ್ತಿದ್ದರು. ಅದರ ಕೈಗೆ ಸಿಕ್ಕವರಿಗೆ ಉಳಿಯುವ ಉಪಾಯವೊಂದಿತ್ತು. ಬಾಗಿ ವಂದಿಸಿದರೆ ಮರ್ಯಾದೆ ಬಿಡದ ಕಪ್ಪಾ ತಾನೂ ಬಾಗುತ್ತದೆ, ನೆತ್ತಿಯ ನೀರು ಚೆಲ್ಲಿ ಶಕ್ತಿ ಉಡುಗುತ್ತದೆ. ಸೌತೆಕಾಯಿ ಅದಕ್ಕೆ ಬಲು ಇಷ್ಟವೆಂದು ಹೊಳೆಗೆ ಅದನ್ನೇ ಅರ್ಪಿಸುತ್ತಿದ್ದರು.

ಈ ಭಯಕ್ಕೆ ಕೆಲಸವಿತ್ತು. ಆಳ ಗೊತ್ತಿಲ್ಲದ ನೀರಿನಿಂದ ಮಕ್ಕಳನ್ನು ದೂರವಿಡಲು ಹಿರಿಯರ ಬಳಿಯಿದ್ದ ಕಾವಲುಗಾರನೇ ಕಪ್ಪಾ. ಇನ್ನೂ ಕರಾಳವಾದ ಕತೆಗಳೂ ಇದ್ದವು. ಜನಪದ ವಿದ್ವಾಂಸ ಯಾನಗಿತಾ ಕುನಿಯೋ 1910ರಲ್ಲಿ ಪ್ರಕಟಿಸಿದ ‘ತೋನೋ ಮೊನೊಗತಾರಿ’ ಸಂಗ್ರಹದಲ್ಲಿ, ಹೆಂಗಸರಿಗೆ ಹುಟ್ಟಿದ ಕಪ್ಪಾ ಕೂಸುಗಳನ್ನು ತುಂಡರಿಸಿ ಹೂತ ಪ್ರಸಂಗಗಳಿವೆ. ಬರಗಾಲದಲ್ಲಿ ಸಾಕಲಾಗದ ಶಿಶುಗಳನ್ನು ಕೊಂದ ನೆನಪು ಇವುಗಳ ಹಿಂದಿದೆ ಎಂದು ಅರ್ಥೈಸುವವರಿದ್ದಾರೆ. ಬಾಯಿಬಿಟ್ಟು ಹೇಳಲಾಗದ ದುಃಖವನ್ನು ಪಿಶಾಚಿಯ ಹೆಸರಿನಲ್ಲಿ ಹೇಳಿಕೊಂಡಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಕಪ್ಪಾ ಮೆದುವಾಗತೊಡಗಿದ್ದು ಮುದ್ರಣದ ಕಾಲದಲ್ಲಿ. 1776ರಲ್ಲಿ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ನಾಡಿನ ಭೂತ ಪಿಶಾಚಿಗಳನ್ನು ಒಂದೊಂದಾಗಿ ಬರೆದು, ಹೆಸರಿಟ್ಟು ಪುಸ್ತಕ ಮಾಡಿದ. ಕತ್ತಲಲ್ಲಿ ಊಹಿಸಿಕೊಳ್ಳಬೇಕಿದ್ದ ಆಕಾರ ಬೆಳಕಿನಲ್ಲಿ ಪುಟ ತಿರುವಿ ನೋಡುವಂತಾಯಿತು. ಮುಂದೆ 1927ರಲ್ಲಿ ಲೇಖಕ ಅಕುತಗಾವಾ ರ್ಯೂನೊಸುಕೆ ಕಪ್ಪಾಗಳದೇ ಒಂದು ದೇಶವನ್ನು ಕಲ್ಪಿಸಿ ಮನುಷ್ಯ ಸಮಾಜವನ್ನು ವಿಡಂಬಿಸಿದ. ಎರಡನೆಯ ಮಹಾಯುದ್ಧದ ನಂತರ ವ್ಯಂಗ್ಯಚಿತ್ರಗಳಲ್ಲಿ, ಸಾಕೆ ಮದ್ಯದ ಜಾಹೀರಾತುಗಳಲ್ಲಿ ಅದು ನಗುಮುಖದ ಗೆಳೆಯನಾಯಿತು. ಸೌತೆಕಾಯಿ ಸುತ್ತಿದ ಸುಶಿಗೆ ಈಗಲೂ ಕಪ್ಪಾದ್ದೇ ಹೆಸರು.

ಈ ಬದಲಾವಣೆಯಲ್ಲಿ ಹೆಚ್ಚಿನ ಪಾಲು ಮಿಜುಕಿ ಶಿಗೆರು (1922–2015) ಅವರದು. ಸಕಾಯ್‌ಮಿನಾತೊ ಎಂಬ ಬಂದರಿನ ಊರಿನಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಅಜ್ಜಿಯೊಬ್ಬರಿಂದ ಪಿಶಾಚಿ ಕತೆಗಳನ್ನು ಕೇಳಿದ್ದರು. ಯುದ್ಧದಲ್ಲಿ ಎಡಗೈ ಕಳೆದುಕೊಂಡು ಮರಳಿದ ಮೇಲೆ ಆ ಕತೆಗಳನ್ನೇ ಚಿತ್ರಕತೆಗಳಾಗಿಸಿದರು. ಅವರ ‘ಗೆಗೆಗೆ ನೋ ಕಿತಾರೊ’ದಲ್ಲಿ ಭೂತಗಳ ಹುಡುಗನೇ ಮನುಷ್ಯರನ್ನು ಕಾಯುತ್ತಾನೆ. 1968ರಲ್ಲಿ ಅದು ದೂರದರ್ಶನಕ್ಕೆ ಬಂದಿತು. ಇಂದು ಸಕಾಯ್‌ಮಿನಾತೊದ ಒಂದು ಬೀದಿಯುದ್ದಕ್ಕೂ ಅವರ ಪಾತ್ರಗಳ 170ಕ್ಕೂ ಹೆಚ್ಚು ಕಂಚಿನ ಪ್ರತಿಮೆಗಳಿವೆ. ಯುವಜನ ವಲಸೆ ಹೋಗಿ ಸೊರಗಿದ್ದ ಊರಿಗೆ ಪ್ರವಾಸಿಗರನ್ನು ಕರೆತಂದದ್ದು ಈ ಭೂತಗಳೇ.

ಯಾನಗಿತಾ ಸಂಗ್ರಹದ ಕತೆಗಳ ನೆಲೆಯಾದ ತೋನೋ ಊರಿನಲ್ಲೂ ಹೀಗೆಯೇ ಆಗಿದೆ. ಅಲ್ಲಿನ ಕಪ್ಪಾ ಮಡುವಿನ ಬಳಿ ಪ್ರವಾಸಿಗರು ಸೌತೆಕಾಯಿ ಕಟ್ಟಿದ ಗಾಳ ಹಿಡಿದು ಕೂರುತ್ತಾರೆ. ಕಪ್ಪಾ ಹಿಡಿಯುವ ಪರವಾನಗಿ ಪತ್ರವೂ ಮಾರಾಟಕ್ಕಿದೆ. ಊರು ಬದುಕಿದ್ದು ಒಳ್ಳೆಯದೇ. ಆದರೆ ಯಾನಗಿತಾ ದಾಖಲಿಸಿದ ಕೂಸುಗಳ ಕತೆ ಈ ಬೊಂಬೆಯಂಗಡಿಗಳಲ್ಲಿ ಕೇಳಿಸುವುದಿಲ್ಲ, ಆ ನಷ್ಟ ಸಣ್ಣದಲ್ಲ.

ಆದರೂ ಜನರನ್ನು ಅಪಾಯದಿಂದ ಕಾಯುವ ಈ ಜೀವಿಗಳ ಹಳೆಯ ಕೆಲಸ ಪೂರ್ತಿ ನಿಂತಿಲ್ಲ. 1846ರ ಮುದ್ರಿತ ಹಾಳೆಯೊಂದರಲ್ಲಿ ಕಾಣಿಸಿಕೊಂಡಿದ್ದ ಅಮಾಬಿಯೆ ಎಂಬ ಕಡಲಜೀವಿ, ರೋಗ ಹರಡಿದರೆ ತನ್ನ ಚಿತ್ರವನ್ನು ಜನರಿಗೆ ತೋರಿಸಿ ಎಂದಿತ್ತಂತೆ. 2020ರಲ್ಲಿ ಜಪಾನಿನ ಆರೋಗ್ಯ ಸಚಿವಾಲಯ ಕೊರೊನಾ ಜಾಗೃತಿಗೆ ಅದನ್ನೇ ಬಳಸಿತು. ಜಪಾನಿನ ಹಲವು ಕೆರೆಗಳ ದಂಡೆಯಲ್ಲಿ, ಮಕ್ಕಳೇ ನೀರಿಗಿಳಿಯಬೇಡಿ ಎಂದು ಎಚ್ಚರಿಸುವ ಫಲಕಗಳ ಮೇಲೆ ಈಗಲೂ ಕಪ್ಪಾದ ಚಿತ್ರವಿರುತ್ತದೆ.