ಹೂವಿನ ದೊರೆ: ಕಲ್ಲು ಕಾಪಾಡಿದ ವಿದ್ಯೆ

ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಒಂದು ಅಪೂರ್ವ ಶಿಲಾಮೂರ್ತಿಯುಂಟು. ಗುಡಿಯ ಜಗಲಿಯಂತಹ ಪೀಠದ ಮೇಲೆ ಕಾಲುಗಳನ್ನು ಅಡ್ಡಲಾಗಿರಿಸಿ ಕುಳಿತ ಪುರುಷನೊಬ್ಬನು ಮೋರೆಯನ್ನು ಆಕಾಶದತ್ತ ಎತ್ತಿದ್ದಾನೆ. ಮುಖಕ್ಕೆ ಮುಖವಾಡ, ಬಾಯಿ ತುಸು ತೆರೆದಿದೆ. ಮೈಯ ಮೇಲೂ ಪೀಠದ ಮೇಲೂ ಹೂವುಗಳ ಕೆತ್ತನೆ. ಇವನೇ ಅಜ್ಟೆಕ್ ಜನರು ಹೂವು, ಹಾಡು, ನೃತ್ಯಗಳ ಅಧಿದೇವತೆಯೆಂದು ಪೂಜಿಸಿದ ಶೋಚಿಪಿಲ್ಲಿ. ಅವರ ನಾವಾತ್ಲ್ ನುಡಿಯಲ್ಲಿ ‘ಶೋಚಿತ್ಲ್’ ಎಂದರೆ ಹೂವು, ‘ಪಿಲ್ಲಿ’ ಎಂದರೆ ರಾಜಕುಮಾರ.

1521ರಲ್ಲಿ ಸ್ಪೇನಿನ ಕೊರ್ಟೆಸನ ಸೈನ್ಯವು ಅಜ್ಟೆಕ್ ರಾಜಧಾನಿಯನ್ನು ಗೆದ್ದಿತು. ಬಳಿಕ ವಿಗ್ರಹಗಳು ಒಡೆದುಹೋದವು. ಚಿತ್ರಲಿಪಿಯ ಗ್ರಂಥಗಳು ಬೆಂಕಿಗೆ ಆಹುತಿಯಾದವು. ಪೂಜೆಯಲ್ಲಿ ಬಳಸುತ್ತಿದ್ದ ಮೂಲಿಕೆಗಳನ್ನು ಪಾದ್ರಿಗಳು ಸೈತಾನನ ವಸ್ತುಗಳೆಂದು ಹಳಿದರು. ಆದರೂ ಸಾಹಗುನ್ ಎಂಬ ಪಾದ್ರಿಯು ಆ ಜನರ ಆಚಾರಗಳನ್ನು ಅವರ ಬಾಯಿಂದಲೇ ಕೇಳಿ ಬರೆಯಿಸಿದನು. ವರ್ತಕರ ಔತಣದಲ್ಲಿ ಅತಿಥಿಗಳು ಅಣಬೆಯನ್ನು ಜೇನಿನೊಡನೆ ಸೇವಿಸಿ, ಕೆಲವರು ಕುಣಿದು, ಕೆಲವರು ಅತ್ತು, ತಮ್ಮ ಭವಿಷ್ಯವನ್ನು ಕಂಡರೆಂದು ಅದರಲ್ಲಿದೆ.

ಪೊಪೊಕಟೆಪೆಟಲ್ ಜ್ವಾಲಾಮುಖಿಯ ಸೀಮೆಯ ತ್ಲಾಲ್ಮನಾಲ್ಕೋ ಎಂಬ ಊರಿನಲ್ಲಿ 19ನೆಯ ಶತಮಾನದಲ್ಲಿ ಈ ಮೂರ್ತಿಯು ದೊರೆಯಿತು. ಬಹುಕಾಲ ಅದರ ಹೂವುಗಳನ್ನು ಬರಿಯ ಅಲಂಕಾರವೆಂದೇ ಭಾವಿಸಲಾಗಿತ್ತು. ಅವುಗಳನ್ನು ಅಕ್ಷರಗಳಂತೆ ಓದಲು ಹೊರಟವರಲ್ಲಿ ಪ್ರಮುಖನು ಪಂಡಿತನಲ್ಲ. ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಗಾರ್ಡನ್ ವಾಸನ್. ಅಳಿದುಹೋಯಿತೆಂದು ಬಹುಮಂದಿ ತಿಳಿದಿದ್ದ ಅಣಬೆಯ ಪೂಜೆಯು ಓಹಾಕಾ ಪ್ರಾಂತದ ಗುಡ್ಡಗಾಡಿನಲ್ಲಿ ಇನ್ನೂ ನಡೆಯುತ್ತಿತ್ತು. 1955ರಲ್ಲಿ ವಾಸನ್ ಅಲ್ಲಿ ಮರಿಯಾ ಸಬೀನಾ ಎಂಬ ವೈದ್ಯೆಯು ನಡೆಯಿಸಿದ ರಾತ್ರಿಪೂಜೆಯಲ್ಲಿ ಕುಳಿತನು. ಮುಂದೆ ಹಾರ್ವರ್ಡಿನ ಸಸ್ಯವಿಜ್ಞಾನಿ ರಿಚರ್ಡ್ ಷುಲ್ಟೆಸನ ನೆರವಿನಿಂದ ಮೂರ್ತಿಯ ಕೆತ್ತನೆಗಳಲ್ಲಿ ಅಣಬೆ, ಹೊಗೆಸೊಪ್ಪಿನ ಹೂವು, ‘ಒಲೊಲಿಯುಕ್ವಿ’ ಎಂಬ ಬಳ್ಳಿಯ ಹೂವು ಮೊದಲಾದವನ್ನು ಗುರುತಿಸಿದನು. ಇವೆಲ್ಲವೂ ಪೂಜೆಯಲ್ಲಿ ಬಳಕೆಯಾಗುತ್ತಿದ್ದವು. ಹಾಗಾದರೆ ಮೇಲೆತ್ತಿದ ಆ ಮೋರೆಯು ಪರವಶತೆಯದೆಂಬುದು ವಾಸನನ ಮತ. ಕೆಲವು ಹೂವುಗಳ ಗುರುತಿನ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು.

ಗ್ರಂಥವನ್ನು ಸುಟ್ಟವರಿಗೆ ಈ ಕಲ್ಲಿನಲ್ಲಿಯೂ ಒಂದು ಗ್ರಂಥವಿದೆಯೆಂಬುದು ಹೊಳೆಯಲಿಲ್ಲ. ಆದರೆ ಕಲ್ಲೊಂದೇ ಸಾಲದು. ಗುಡ್ಡಗಾಡಿನ ಬಡಜನರು ಪೂಜೆಯನ್ನು ಗುಟ್ಟಾಗಿ ಉಳಿಸಿಕೊಳ್ಳದಿದ್ದರೆ ಆ ಹೂವುಗಳ ಅರ್ಥವನ್ನು ಊಹಿಸುವುದೂ ಕಷ್ಟವಾಗುತ್ತಿತ್ತು. ನಾವಾತ್ಲ್ ನುಡಿಯೂ ಅಳಿದಿಲ್ಲ. ಇಂದಿಗೂ 15 ಲಕ್ಷಕ್ಕೆ ಮೇಲ್ಪಟ್ಟ ಜನರು ಅದನ್ನಾಡುತ್ತಾರೆ. ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿ ದಿನವೂ ಕೇಳಿಬರುವ ‘ಟೊಮೇಟೊ’ ಎಂಬ ಮಾತು ಆ ನುಡಿಯ ‘ತೊಮಾತ್ಲ್’ ಎಂಬುದರಿಂದಲೇ ಬಂದುದು. ರಾಜ್ಯವನ್ನು ಕಳೆದುಕೊಂಡ ಜನರು ಮಾತನ್ನು ಕಳೆದುಕೊಳ್ಳಲಿಲ್ಲ.