ಕೂಸು ಅತ್ತರೆ 'ಅಳಲಿ ಬಿಡಿ' ಅನ್ನಬೇಡಿ!

ಹತ್ತು ತಿಂಗಳ ಕೂಸು. ಬಾಯೊಳಗಿನ ಸೀಳು ಹೊಲಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಿದೆ. ರಾತ್ರಿ ಹನ್ನೊಂದಾದರೂ ಅಳು ನಿಂತಿಲ್ಲ. ಬಟ್ಟಲು ತುಟಿಗೆ ತಂದರೆ ಮುಖ ತಿರುಗಿಸುತ್ತದೆ. "ಅತ್ರೆ ಎದೆ ಗಟ್ಟಿಯಾಗ್ತದೆ, ಅಳಲಿ ಬಿಡಮ್ಮ" ಎನ್ನುತ್ತಾರೆ ಅಜ್ಜಿ. "ಔಷಧಿ ಪದೇ ಪದೇ ಕೊಟ್ರೆ ಚಟ ಆಗ್ತದಂತೆ" ಎನ್ನುತ್ತಾಳೆ ಪಕ್ಕದ ಮನೆಯಾಕೆ. ತಾಯಿಯ ಕೈಯಲ್ಲಿ ಸಿರಪ್ ಬಾಟ್ಲಿ. ಮುಚ್ಚಳ ತೆಗೆಯಲು ಧೈರ್ಯವಿಲ್ಲ.

ಸುಮಾರು 700 ಹೆರಿಗೆಗೆ ಒಂದು ಕೂಸು ಸೀಳು ತುಟಿ ಅಥವಾ ಸೀಳು ಅಂಗುಳದೊಂದಿಗೆ ಹುಟ್ಟುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಗುಳದ ಆಪರೇಷನ್ನು ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ. ಮಾತು ಬಾರದ ವಯಸ್ಸು. ನೋವು ಹೇಳಬೇಕಾದ ಬಾಯಿಗೇ ಹೊಲಿಗೆ!

ಎಳೆಗೂಸಿಗೆ ನೋವು ಅಷ್ಟಾಗಿ ತಿಳಿಯದು ಎಂದು ಒಂದು ಕಾಲದಲ್ಲಿ ಡಾಕ್ಟರುಗಳೇ ನಂಬಿದ್ದುಂಟು. 1987ರಲ್ಲಿ ಡಾ. ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು ಆ ನಂಬಿಕೆ ತಪ್ಪೆಂದು ತೋರಿಸಿಕೊಟ್ಟರು.

ಈಗ ಆಸ್ಪತ್ರೆಗಳಲ್ಲಿ ನೋವಿಗೂ ಮಾರ್ಕು ಹಾಕುತ್ತಾರೆ. ಮುಖ, ಕಾಲು, ಹೊರಳಾಟ, ಅಳು, ಸಮಾಧಾನಕ್ಕೆ ಬಗ್ಗುವುದು, ಹೀಗೆ ಐದು. ಒಂದೊಂದಕ್ಕೆ ಸೊನ್ನೆಯಿಂದ ಎರಡು. ಒಟ್ಟು ಹತ್ತಕ್ಕೆ ಹತ್ತಿರ ಬಂತೋ, ನೋವು ಜೋರು.

ಆಪರೇಷನ್ ಹೊತ್ತಿನಲ್ಲೇ ಅಂಗುಳದ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದುಂಟು. ಅದರ ಗುಣ ಕೆಲವು ಗಂಟೆ ಮಾತ್ರ. ಆಮೇಲೆ ಪ್ಯಾರಸಿಟಮಾಲೇ ಗತಿ. ಮೊದಲ ಎರಡು ಮೂರು ದಿನ ಅಳು ನೋಡಿ ಅಲ್ಲ, ಗಡಿಯಾರ ನೋಡಿ ಕೊಡಬೇಕು. ಚಟದ ಮಾತು ಸುಳ್ಳು, ಪ್ಯಾರಸಿಟಮಾಲ್‌ಗೆ ಚಟವಿಲ್ಲ. ನೋವಿದ್ದರೆ ಕೂಸು ನುಂಗದು, ನುಂಗದಿದ್ದರೆ ಮೈಯಲ್ಲಿ ನೀರು ಬತ್ತುತ್ತದೆ. ಅಪಾಯ ಅಲ್ಲಿದೆ.

ಆದರೆ ಅಳತೆ ತಪ್ಪಬಾರದು. ಕಿಲೋ ತೂಕಕ್ಕೆ ಸುಮಾರು 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. ಎಂಟು ಕಿಲೋ ಕೂಸಿಗೆ 120 ಮಿಲಿಗ್ರಾಂ. ಐದು ಎಂ.ಎಲ್.ಗೆ 120 ಇರುವ ಸಿರಪ್ಪಾದರೆ ಐದು ಎಂ.ಎಲ್.; 240 ಇರುವುದಾದರೆ ಎರಡೂವರೆ ಸಾಕು. ಡ್ರಾಪ್ಸ್ ಇನ್ನೂ ಸ್ಟ್ರಾಂಗು. ಹೆಸರು ಒಂದೇ, ಶಕ್ತಿ ಬೇರೆ! ಚೀಟಿಯನ್ನೂ ಬಾಟ್ಲಿಯನ್ನೂ ಅಂಗಡಿಯಲ್ಲೇ ತಾಳೆ ನೋಡುವುದು ಲೇಸು. ಅಡುಗೆಮನೆ ಚಮಚ ಬೇಡ, ಅಳತೆ ಮುಚ್ಚಳವೋ ಸಿರಿಂಜೋ ಇರಲಿ.

ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡುವುದು, ಆಸ್ಪಿರಿನ್ ಕೊಡುವುದು ಕೂಡದು. ಕೊಡೀನ್ ಇರುವ ಔಷಧಿಯಂತೂ ಬೇಡವೇ ಬೇಡ, ಉಸಿರು ಕುಗ್ಗಿಸೀತು. 12 ವರ್ಷದೊಳಗಿನವರಿಗೆ ಅದನ್ನು ಕೊಡಬಾರದೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲೇ ಹೇಳಿದೆ.

ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಸೋಸಿದ ತೆಳು ಗಂಜಿ, ಹಾಲು ಬಟ್ಟಲಲ್ಲಿ ಕುಡಿಸಬೇಕು. ಆಮೇಲೆ ಎರಡು ಗುಟುಕು ನೀರು. ಬಿಸ್ಕತ್ತು, ರೊಟ್ಟಿ ಚೂರು ದೂರ. ಬಾಯಿಂದ ರಕ್ತ ಬಂದರೆ, ಉಸಿರಿಗೆ ಕಷ್ಟವಾದರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಅಜ್ಜಿಗೂ ಒಂದು ಕೆಲಸವುಂಟು. ಎತ್ತಿಕೊಂಡು ತೂಗುವುದು, ಜೋಗುಳ ಹಾಡುವುದು. ಅದೂ ನೋವಿಗೆ ಔಷಧಿಯೇ. ಆದರೆ ಬಾಟ್ಲಿಯ ಮುಚ್ಚಳ ತೆಗೆದ ಮೇಲೆ!